ಮೂವತ್ತಾರು ಸಾವಿರ ಕೋಟಿ ಜೀವಿಗಳ ಹೆಪ್ಪು

ಹಾಲಿಗೆ ಹೆಪ್ಪು ಹಾಕುವುದನ್ನು ಯಾರೂ ಯಾರಿಗೂ ಪುಸ್ತಕ ತೆರೆದಿಟ್ಟು ಕಲಿಸುವುದಿಲ್ಲ. ಹಾಲು ಉಗುರುಬೆಚ್ಚಗಿರಬೇಕು, ಹೆಪ್ಪು ತಾಜಾ ಇರಬೇಕು, ಪಾತ್ರೆಯನ್ನು ಅಲುಗಿಸಬಾರದು. ಹೆಪ್ಪು ಕಡಿಮೆಯಾದರೆ ಬೆಳಗಾದರೂ ಹಾಲು ಹಾಲಾಗಿಯೇ ಇರುತ್ತದೆ, ಇಲ್ಲವೇ ನೂಲುನೂಲಾಗಿ ಕೆಡುತ್ತದೆ. ಹೆಚ್ಚಾದರೆ ಮೊಸರು ಬೇಗ ಹುಳಿಯಾಗುತ್ತದೆ. ಅಕ್ಷರ ಬಾರದ ಅಜ್ಜಿಗೂ ಈ ಲೆಕ್ಕ ಗೊತ್ತು. ಅವಳಿಗೆ ಗೊತ್ತಿಲ್ಲದ್ದು ಒಂದೇ: ಆ ಒಂದು ಚಮಚದಲ್ಲಿ ಅವಳು ಎತ್ತಿ ಹಾಕಿದ್ದು ಕೋಟ್ಯಂತರ ಜೀವಿಗಳನ್ನು.

ಇದೇ ಹೆಪ್ಪಿನ ವಿದ್ಯೆಯ ಮೇಲೆ ಜಗತ್ತಿನ ಒಂದು ದೊಡ್ಡ ಉದ್ಯಮ ನಿಂತಿದೆ. ನೆಲಮಂಗಲ ತಾಲ್ಲೂಕಿನಲ್ಲಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯ ಬಿಯರ್ ಕಾರ್ಖಾನೆ ಇರುವುದು ಆ ಭಾಗದ ಜನರಿಗೆ ಹೊಸ ಸುದ್ದಿಯಲ್ಲ. ಅಲ್ಲಿಂದ ಹೊರಡುವ ಲಾರಿಗಳನ್ನು ಶಾಲೆಗೆ ಹೋಗುವ ಮಕ್ಕಳೂ ನೋಡಿರುತ್ತಾರೆ. ಆ ಲಾರಿಗಳಲ್ಲಿರುವ ಪೇಯದ ಒಳ್ಳೆಯದು ಕೆಟ್ಟದ್ದರ ಚರ್ಚೆ ಬೇರೆ. ಆದರೆ ಅದರ ಹಿಂದಿರುವ ಜೀವಶಾಸ್ತ್ರ ಮಾತ್ರ ಪಿಯುಸಿ ಪುಸ್ತಕದ ಅರ್ಧ ಅಧ್ಯಾಯಗಳನ್ನು ಒಂದೇ ಕಡೆ ಕಟ್ಟಿಹಾಕುವಷ್ಟು ಸ್ವಾರಸ್ಯವಾದದ್ದು. ಲಾಗರ್ ಎಂಬ ತಿಳಿಬಣ್ಣದ ಬಿಯರಿಗೆ ಯೀಸ್ಟಿನ ಹೆಪ್ಪು ಕಟ್ಟುವ ಕೆಲಸವಂತೂ ಗಣಿತ, ರಸಾಯನ, ಜೀವವಿಜ್ಞಾನ ಮೂರೂ ಬೇಡುವ ಕಸುಬು.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಲಿ. ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ವಯಸ್ಕರು ತಮ್ಮ ಬಳಕೆಗೆ ಮನೆಯಲ್ಲೇ ಬಿಯರ್ ತಯಾರಿಸುವುದು ಕಾನೂನುಬದ್ಧ ಹವ್ಯಾಸ. ಕರ್ನಾಟಕದಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಮದ್ಯವೇ. ಆದ್ದರಿಂದ ಇಲ್ಲಿ ಹೇಳುತ್ತಿರುವುದು ಮನೆಯಲ್ಲಿ ಬಿಯರ್ ಮಾಡುವ ವಿಧಾನವಲ್ಲ, ಹೆಪ್ಪಿನ ಕಥೆ.

ಮೊಳಕೆ ರಾಗಿಯ ಅಣ್ಣ

ಯೀಸ್ಟ್ ಒಂದು ಶಿಲೀಂಧ್ರ. ಅಣಬೆ, ಬೂಷ್ಟುಗಳ ಬಳಗಕ್ಕೆ ಸೇರಿದ್ದು. ಆದರೆ ಒಂದೇ ಜೀವಕೋಶದ್ದು. ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ಚಿಕ್ಕದು. ಸಕ್ಕರೆ ಸಿಕ್ಕರೆ ತಿನ್ನುತ್ತದೆ. ಆಲ್ಕೋಹಾಲನ್ನೂ ಇಂಗಾಲದ ಡೈ ಆಕ್ಸೈಡನ್ನೂ ಹೊರಗೆ ಹಾಕುತ್ತದೆ. ಬ್ರೆಡ್ಡಿನಲ್ಲಿ ಬೇಕಾದದ್ದು ಆ ಅನಿಲ, ಬಿಯರಿನಲ್ಲಿ ಎರಡೂ. ಬ್ರೆಡ್ ಒಲೆಗೆ ಹೋದಾಗ ಅದರಲ್ಲಿನ ಅಲ್ಪಸ್ವಲ್ಪ ಆಲ್ಕೋಹಾಲ್ ಬಹುಪಾಲು ಆವಿಯಾಗಿ ಹೋಗುತ್ತದೆ.

ಯೀಸ್ಟಿಗೆ ಸಕ್ಕರೆ ಬೇಕು, ಬಾರ್ಲಿ ಕಾಳಿನಲ್ಲಿರುವುದೋ ಪಿಷ್ಟ. ಪಿಷ್ಟವನ್ನು ಯೀಸ್ಟ್ ಮುಟ್ಟಲಾರದು. ಇಲ್ಲಿ ಸಹಾಯಕ್ಕೆ ಬರುವುದು ಮೊಳಕೆ. ರಾಗಿಯನ್ನು ರಾತ್ರಿಯಿಡೀ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ ಎಳೆಗೂಸುಗಳಿಗೆ ಸರಿ ಮಾಡಿ ತಿನ್ನಿಸುವುದು ಬೆಂಗಳೂರು ಗ್ರಾಮಾಂತರದ ಮನೆಮನೆಯ ರೂಢಿ. ಮೊಳೆತ ರಾಗಿಯ ಹಿಟ್ಟು ಸಿಹಿಯಾಗುವುದೇಕೆ? ಮೊಳಕೆಯೊಡೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಎಚ್ಚರಗೊಂಡು ಪಿಷ್ಟವನ್ನು ತುಂಡರಿಸಿ ಸಕ್ಕರೆಯಾಗಿಸುತ್ತದೆ. ಗಿಡಕ್ಕೆ ಹೊರಡಲು ಬೇಕಾದ ಬುತ್ತಿ ಅದು. ಬಾರ್ಲಿಗೂ ಇದನ್ನೇ ಮಾಡಿದರೆ ಅದೇ ಮಾಲ್ಟ್. ‘ರಾಗಿ ಮಾಲ್ಟ್’ ಎಂದು ನಾವು ಕುಡಿಯುವ ಹೆಸರಿನಲ್ಲೂ ಇರುವುದು ಅದೇ ಪದ. ಮಾಲ್ಟ್ ಮಾಡಿದ ಬಾರ್ಲಿಯನ್ನು ನುಚ್ಚು ಮಾಡಿ ಬಿಸಿನೀರಲ್ಲಿ ನೆನೆಸಿ ಸೋಸಿದರೆ ಸಿಗುವ ಸಿಹಿನೀರಿಗೆ ವರ್ಟ್ ಎನ್ನುತ್ತಾರೆ. ಅದನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ತಣಿಸಿ, ಯೀಸ್ಟಿಗೆ ಒಪ್ಪಿಸುತ್ತಾರೆ.

ಒಪ್ಪಿಸುವುದು ಎಷ್ಟು ಯೀಸ್ಟಿಗೆ? ಪ್ರಶ್ನೆ ಇರುವುದು ಇಲ್ಲೇ.

ಲೆಕ್ಕ ಹಾಕಿ ನೋಡೋಣ

ಲಾಗರ್ ಕಸುಬಿನಲ್ಲಿ ನಡೆದುಬಂದಿರುವ ಒಂದು ಸೂತ್ರವಿದೆ. ವರ್ಟಿನ ಪ್ರತಿ ಮಿಲಿಲೀಟರಿಗೆ, ಅದರಲ್ಲಿರುವ ಪ್ರತಿ ಶೇಕಡಾ ಒಂದರಷ್ಟು ಸಿಹಿಯಂಶಕ್ಕೆ, ಸುಮಾರು 15 ಲಕ್ಷ ಯೀಸ್ಟ್ ಕೋಶಗಳು ಬೇಕು. ಮನೆ ಬಿಯರಿನ ಹವ್ಯಾಸಿಗಳು ಸಾಮಾನ್ಯವಾಗಿ ಒಂದು ಸಲಕ್ಕೆ 20 ಲೀಟರ್ ಮಾಡುತ್ತಾರೆ. ಸಿಹಿಯಂಶ ಶೇಕಡಾ 12 ಎಂದುಕೊಳ್ಳಿ. 20 ಲೀಟರ್ ಎಂದರೆ 20,000 ಮಿಲಿಲೀಟರ್. ಗುಣಿಸಿದರೆ ಬರುವುದು 36,000 ಕೋಟಿ! ಇಷ್ಟು ಯೀಸ್ಟ್ ಕಣಗಳು ಮೊದಲ ದಿನವೇ ಆ ಪಾತ್ರೆಯಲ್ಲಿರಬೇಕು. ಏಲ್ ಎಂಬ ಇನ್ನೊಂದು ಬಗೆಯ ಬಿಯರಿಗೆ ಇದರ ಅರ್ಧ ಸಾಕು. ಅದು ಬೆಚ್ಚಗಿನ ವಾತಾವರಣದಲ್ಲಿ ಹುದುಗುವುದರಿಂದ ಯೀಸ್ಟ್ ಚುರುಕಾಗಿರುತ್ತದೆ. ಲಾಗರ್ ಹುದುಗುವುದು 10-12 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ. ಚಳಿಯಲ್ಲಿ ಕೆಲಸ ನಿಧಾನ, ಹಾಗಾಗಿ ಆಳು ಹೆಚ್ಚು ಬೇಕು.

ಅಂಗಡಿಯಲ್ಲಿ ಸಿಗುವ ದ್ರವರೂಪದ ಯೀಸ್ಟಿನ ಒಂದು ಪೊಟ್ಟಣದಲ್ಲಿ, ಅದು ತಾಜಾ ಆಗಿದ್ದರೆ, ಸುಮಾರು 10,000 ಕೋಟಿ ಕೋಶಗಳಿರುತ್ತವೆ. ಹಳೆಯದಾದಷ್ಟೂ ಬದುಕಿರುವವು ಕಡಿಮೆ. ಉಳಿದ 26,000 ಕೋಟಿಯನ್ನು ಎಲ್ಲಿಂದ ತರುವುದು? ನಾಲ್ಕು ಪೊಟ್ಟಣ ಕೊಳ್ಳಬಹುದು. ಇಲ್ಲವೇ ಒಂದನ್ನೇ ಬೆಳೆಸಿಕೊಳ್ಳಬಹುದು. 10,000 ಕೋಟಿ ಒಮ್ಮೆ ಇಮ್ಮಡಿಸಿದರೆ 20,000 ಕೋಟಿ, ಮತ್ತೊಮ್ಮೆ ಇಮ್ಮಡಿಸಿದರೆ 40,000 ಕೋಟಿ. ಎರಡೇ ಹೆಜ್ಜೆ. ಇದಕ್ಕೇ ಸ್ಟಾರ್ಟರ್ ಎನ್ನುವುದು, ನಮ್ಮ ಮಾತಿನಲ್ಲಿ ಹೆಪ್ಪು.

ಗಣಿತದ ಆಸೆ ಇರುವವರು ಇನ್ನೊಂದು ಲೆಕ್ಕ ಮಾಡಬಹುದು. ಪ್ರಯೋಗಾಲಯದಲ್ಲಿ 30 ಡಿಗ್ರಿ ಬಿಸುಪು, ಸಮೃದ್ಧ ಆಹಾರ ಇದ್ದರೆ ಬ್ರೆಡ್ಡಿನ ಯೀಸ್ಟ್ ಸುಮಾರು ಒಂದೂವರೆ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಒಂದೇ ಒಂದು ಕೋಶದಿಂದ ಆರಂಭಿಸಿದರೆ 24 ಗಂಟೆಯಲ್ಲಿ 16 ಇಮ್ಮಡಿ, ಅಂದರೆ 65,536. ಅಷ್ಟೇನಾ ಎನ್ನಬೇಡಿ. 39ನೇ ಇಮ್ಮಡಿಗೆ ಸಂಖ್ಯೆ 36,000 ಕೋಟಿಯನ್ನು ದಾಟಿ ಸುಮಾರು 55,000 ಕೋಟಿಗೆ ನಿಲ್ಲುತ್ತದೆ. ಸಮಯ ಎರಡೂವರೆ ದಿನಕ್ಕೂ ಕಡಿಮೆ. ಚದುರಂಗದ ಮನೆಗಳಲ್ಲಿ ಕಾಳು ಇಮ್ಮಡಿಸುತ್ತ ಹೋಗಿ ರಾಜನ ಕಣಜ ಬರಿದು ಮಾಡಿದ ಜಾಣನ ಕಥೆ ಎಲ್ಲರೂ ಕೇಳಿದ್ದೇ. ಇದು ಆ ಹಲಗೆಯ 40ನೇ ಮನೆ. ಆದರೆ ಇದು ಕಾಗದದ ಲೆಕ್ಕ. ಆಹಾರ ಮುಗಿಯುತ್ತದೆ, ಜಾಗ ಸಾಲದು, ತಾನೇ ಹೊರಹಾಕಿದ ಆಲ್ಕೋಹಾಲೇ ಯೀಸ್ಟಿಗೆ ವಿಷವಾಗುತ್ತದೆ. ಏರುತ್ತ ಹೋದ ಗೆರೆ ಮೆಲ್ಲಗೆ ಬಾಗಿ ಸಮತಟ್ಟಾಗುತ್ತದೆ. ಜೀವಶಾಸ್ತ್ರದ ಪುಸ್ತಕದಲ್ಲಿ ಬರುವ ‘ಎಸ್’ ಆಕಾರದ ಬೆಳವಣಿಗೆ ರೇಖೆ ಎಂದರೆ ಇದೇ.

ಕಡಿಮೆ ಯೀಸ್ಟ್ ಹಾಕಿದರೂ ಅದು ಬಿಯರಿನ ಪಾತ್ರೆಯಲ್ಲೇ ಬೆಳೆದುಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಬೆಳೆದುಕೊಳ್ಳುತ್ತದೆ. ಆದರೆ ಬೆಳೆಯುವ ಭರದಲ್ಲಿ ಬೇಡದ ವಾಸನೆಗಳನ್ನೂ ಹುಟ್ಟಿಸುತ್ತದೆ. ಅವುಗಳಲ್ಲಿ ಒಂದು ಡೈಅಸಿಟೈಲ್. ಬೆಣ್ಣೆಗೆ ಬೆಣ್ಣೆಯ ಪರಿಮಳ ಕೊಡುವ ಅದೇ ವಸ್ತು. ಬೆಣ್ಣೆಯಲ್ಲಿ ಇದ್ದರೆ ಶೋಭೆ, ಲಾಗರಿನಲ್ಲಿ ಇದ್ದರೆ ದೋಷ. ಅದಕ್ಕಿಂತ ಮುಖ್ಯವಾಗಿ, ಯೀಸ್ಟ್ ತಡಮಾಡಿದಷ್ಟೂ ಸಿಹಿನೀರಿನ ಮೇಲೆ ಬ್ಯಾಕ್ಟೀರಿಯಗಳ ಕಣ್ಣು ಬೀಳುತ್ತದೆ. ಖಾಲಿ ಬಿಟ್ಟ ಹೊಲಕ್ಕೆ ಕಳೆ ಬಂದ ಹಾಗೆ.

ಹೆಪ್ಪು ಕಟ್ಟುವ ಬಗೆ

ಅಂಥ ಹವ್ಯಾಸಕ್ಕೆ ಅನುಮತಿಯಿರುವ ದೇಶಗಳಲ್ಲಿ ಅನುಸರಿಸುವ ಕ್ರಮ ಸರಳ. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ. ಹತ್ತು ಹದಿನೈದು ನಿಮಿಷ ಕುದಿಸಿ, ಮುಚ್ಚಿಟ್ಟು, ಸುಮಾರು 20 ಡಿಗ್ರಿಗೆ ತಣಿಸಿ, ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕಾಣುವ ಶಂಕುವಿನಾಕಾರದ ಗಾಜಿನ ಫ್ಲಾಸ್ಕಿಗೆ ಸುರಿದು ಯೀಸ್ಟ್ ಸೇರಿಸುತ್ತಾರೆ. ಸಿಹಿಯನ್ನು ಬೇಕೆಂದೇ ತೆಳ್ಳಗೆ ಇಡುತ್ತಾರೆ. ಪಾಕ ಗಟ್ಟಿಯಾದರೆ ಯೀಸ್ಟ್ ಸುಸ್ತಾಗುತ್ತದೆ. ಇಲ್ಲಿ ಬೇಕಾದದ್ದು ಆಲ್ಕೋಹಾಲ್ ಅಲ್ಲ, ಸಂಖ್ಯೆ ಮತ್ತು ಆರೋಗ್ಯ. ಬರೀ ಸಕ್ಕರೆ ನೀರನ್ನೂ ಕೊಡುವುದಿಲ್ಲ. ಮೈ ಬೆಳೆಯಲು ಸಾರಜನಕ, ಖನಿಜ, ಜೀವಸತ್ವಗಳು ಬೇಕು. ಮಾಲ್ಟಿನಲ್ಲಿ ಅವೆಲ್ಲ ಇವೆ.

ಗಮನಿಸಿ: ಲಾಗರ್ ಹುದುಗುವುದು ಚಳಿಯಲ್ಲಾದರೂ ಹೆಪ್ಪು ಕಟ್ಟುವುದು ಬೆಚ್ಚಗೆ. ಮಗುವನ್ನು ಮನೆಯೊಳಗೆ ಬೆಳೆಸಿ, ದೊಡ್ಡದಾದ ಮೇಲೆ ಹೊಲಕ್ಕೆ ಕಳಿಸಿದಂತೆ.

ನಂತರದ್ದು ಗಾಳಿಯ ವಿಷಯ. ಯೀಸ್ಟ್ ಗಾಳಿಯಿಲ್ಲದೆಯೂ ಬದುಕಬಲ್ಲದು ಎಂದು ನಾವು ಓದುತ್ತೇವೆ. ನಿಜವೇ. ಆದರೆ ಹೊಸ ಕೋಶಗಳ ಹೊರಪದರ ಕಟ್ಟಲು ಸ್ಟೆರಾಲ್ ಎಂಬ ಕೊಬ್ಬಿನ ಜಾತಿಯ ವಸ್ತು ಬೇಕು, ಅದನ್ನು ತಯಾರಿಸಲು ಆಮ್ಲಜನಕ ಬೇಕೇಬೇಕು. ಆಮ್ಲಜನಕ ಸಿಗದ ಯೀಸ್ಟ್ ನಾಲ್ಕಾರು ತಲೆಮಾರಿಗೆ ಸೋತುಹೋಗುತ್ತದೆ. ಆದ್ದರಿಂದ ಫ್ಲಾಸ್ಕಿನ ತಳದಲ್ಲಿ ಪುಟ್ಟ ಅಯಸ್ಕಾಂತದ ಕಡ್ಡಿ ಹಾಕಿ, ಕೆಳಗಿನಿಂದ ಇನ್ನೊಂದು ಅಯಸ್ಕಾಂತ ತಿರುಗಿಸಿ ಸತತವಾಗಿ ಕಲಕುತ್ತಾರೆ. ಉಪಕರಣ ಇಲ್ಲದವರು ಬಂದುಹೋಗುವಾಗೆಲ್ಲ ಕೈಯಲ್ಲೇ ಅಲುಗಿಸುತ್ತಾರೆ. ಬಾಯಿಗೆ ಬಿರಡೆಯಲ್ಲ, ಸಡಿಲವಾದ ಹೊದಿಕೆ. ಮೊಸರಿನ ಪಾತ್ರೆ ಅಲುಗಿಸಬಾರದು, ಯೀಸ್ಟಿನದನ್ನು ಅಲುಗಿಸದೆ ಬಿಡಬಾರದು. ಹೆಪ್ಪಿನ ಹೋಲಿಕೆ ಇಲ್ಲಿ ಮುರಿಯುತ್ತದೆ.

ಒಂದೆರಡು ದಿನದಲ್ಲಿ ಯೀಸ್ಟ್ ಬೆಳೆದು ದ್ರವ ಮಜ್ಜಿಗೆಯಂತೆ ಮಬ್ಬಾಗುತ್ತದೆ. ಆಮೇಲೆ ಫ್ರಿಜ್ಜಿನಲ್ಲಿಟ್ಟರೆ ಯೀಸ್ಟೆಲ್ಲ ತಳಕ್ಕೆ ಕೆನೆಬಣ್ಣದ ಪದರವಾಗಿ ಕೂರುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿ ಚೆಲ್ಲಿ, ಗಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಸಾಲದಿದ್ದರೆ ಅದಕ್ಕೇ ಹೊಸ ಮಾಲ್ಟ್ ನೀರು ಕೊಟ್ಟು ಎರಡನೇ ಹೆಜ್ಜೆ. ಕಾರ್ಖಾನೆಗಳಲ್ಲೂ ತತ್ವ ಇದೇ: ಪ್ರಯೋಗಾಲಯದ ಕೊಳವೆಯಲ್ಲಿ ಜೋಪಾನ ಮಾಡಿದ ಶುದ್ಧ ತಳಿಯಿಂದ ತಂತಿಯ ತುದಿಯಲ್ಲಿ ಒಂದಿಷ್ಟು ತೆಗೆದು 10 ಮಿಲಿಲೀಟರಿಗೆ, ಅಲ್ಲಿಂದ 100ಕ್ಕೆ, ಅಲ್ಲಿಂದ ಲೀಟರಿಗೆ, ಹೀಗೆ ಸುಮಾರು ಹತ್ತು ಹತ್ತು ಪಟ್ಟು ಏರಿಸುತ್ತ ಸಾವಿರಾರು ಲೀಟರಿನ ಉಕ್ಕಿನ ತೊಟ್ಟಿಯವರೆಗೆ ಹೋಗುತ್ತಾರೆ. ಒಮ್ಮೆಲೇ ಕೊಳವೆಯಿಂದ ತೊಟ್ಟಿಗೆ ಹಾರುವಂತಿಲ್ಲ.

ಇಡೀ ಕೆಲಸದ ಜೀವಾಳ ಶುಚಿತ್ವ. ಯೀಸ್ಟಿಗೆ ಹಿತವಾದ ಸಿಹಿನೀರು ಎಲ್ಲ ಸೂಕ್ಷ್ಮಜೀವಿಗಳಿಗೂ ಹಿತವೇ. ಇಲ್ಲಿ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳು ನೆನಪಿಡಬೇಕಾದ ಒಂದು ಅಂಶವಿದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿಗಳು ಸುಮಾರು 900 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೆಲವು ಬ್ಯಾಕ್ಟೀರಿಯಗಳ ಬೀಜಾಣುಗಳು 100 ಡಿಗ್ರಿಗೂ ಸಾಯುವುದಿಲ್ಲ. ಅವುಗಳಿಗೆ 121 ಡಿಗ್ರಿ ಬಿಸಿ, ಹದಿನೈದು ನಿಮಿಷವಾದರೂ ಬೇಕು. ಈ ಬಿಸಿ ಸಿಗುವುದು ಒತ್ತಡದ ಆವಿಯಲ್ಲಿ. ಕಾಲೇಜಿನಲ್ಲಿ ಆಟೋಕ್ಲೇವ್ ಎಂಬ ಯಂತ್ರ ಮಾಡುವ ಕೆಲಸಕ್ಕೆ ಅಡುಗೆಮನೆಯ ಪ್ರೆಷರ್ ಕುಕ್ಕರ್ ಬಹಳ ಹತ್ತಿರದ ನೆಂಟ. ಆಟೋಕ್ಲೇವ್ ಇಲ್ಲದ ಎಷ್ಟೋ ಪ್ರಯೋಗಾಲಯಗಳು ಕುಕ್ಕರಿನಲ್ಲೇ ಕೆಲಸ ನಡೆಸಿವೆ.

ಚಳಿಯನ್ನು ಪ್ರೀತಿಸುವ ಯೀಸ್ಟ್

ಡಿಸೆಂಬರ್ ತಿಂಗಳಲ್ಲಿ ದೊಡ್ಡಬಳ್ಳಾಪುರದ ಕಡೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಅಮ್ಮಂದಿರು ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡುತ್ತಾರೆ. ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಗಳು. ಅವಕ್ಕೆ ಚಳಿ ಆಗದು. ಲಾಗರ್ ಯೀಸ್ಟಿನ ಸ್ವಭಾವ ತದ್ವಿರುದ್ಧ. ಬೇರೆಯವು ಮುದುಡಿ ಮಲಗುವ ಚಳಿಯಲ್ಲಿ ಅದು ಎದ್ದು ದುಡಿಯುತ್ತದೆ.

ಈ ಸ್ವಭಾವ ಬಂದದ್ದು ಹೇಗೆಂಬುದು ಬಹುಕಾಲ ಒಗಟಾಗಿತ್ತು. ಜರ್ಮನಿಯ ಬವೇರಿಯದಲ್ಲಿ ಬೇಸಿಗೆಯ ಬಿಯರ್ ಬೇಗ ಹುಳಿಯುತ್ತಿತ್ತು. 1553ರಲ್ಲಿ ಅಲ್ಲಿನ ಅರಸು ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿಯರ್ ಮಾಡಬಾರದೆಂದು ಕಟ್ಟಳೆ ಹೊರಡಿಸಿದ. ಚಳಿಗಾಲದಲ್ಲಷ್ಟೇ ಮಾಡಿ, ಬೆಟ್ಟದಡಿಯ ನೆಲಮಾಳಿಗೆಗಳಲ್ಲಿ ಮಂಜುಗಡ್ಡೆಯೊಡನೆ ಸಂಗ್ರಹಿಸಿಡುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಲಾಗರ್ ಎಂದರೆ ದಾಸ್ತಾನು. ವರ್ಷ ವರ್ಷವೂ ಚಳಿಯಲ್ಲಿ ದುಡಿಯಬಲ್ಲ ಯೀಸ್ಟೇ ಮುಂದಿನ ಪಾತ್ರೆಗೆ ದಾಟಿತು. ಯೀಸ್ಟ್ ಎಂಬ ಜೀವಿ ಇದೆಯೆಂದೇ ತಿಳಿಯದ ಜನ ನೂರಾರು ವರ್ಷ ತಳಿ ಆಯ್ಕೆ ಮಾಡುತ್ತ ಬಂದರು. 1516ರ ಪ್ರಸಿದ್ಧ ಬವೇರಿಯನ್ ಶುದ್ಧತೆಯ ಕಾನೂನು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮೂರೇ ಇರಬೇಕೆಂದಿತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ.

ಲಾಗರ್ ಯೀಸ್ಟ್ ಒಂದು ಮಿಶ್ರತಳಿ ಎಂದು ವಿಜ್ಞಾನಿಗಳು ಕಂಡುಕೊಂಡರು. ತಂದೆ ತಾಯಿಯರಲ್ಲಿ ಒಂದು ಬ್ರೆಡ್ಡಿನ ಯೀಸ್ಟ್. ಇನ್ನೊಂದು ಯಾರು? 2011ರಲ್ಲಿ ದಕ್ಷಿಣ ಅಮೆರಿಕದ ಪೆಟಗೋನಿಯದ ಕಾಡಿನಲ್ಲಿ ಬೀಚ್ ಮರಗಳ ಗಂಟುಗಳ ಮೇಲೆ ಅದು ಪತ್ತೆಯಾಯಿತು. ಮುಂದೆ ಟಿಬೆಟಿನಲ್ಲೂ, 2022ರಲ್ಲಿ ಐರ್ಲೆಂಡಿನ ಮಣ್ಣಿನಲ್ಲೂ ಸಿಕ್ಕಿತು. ಹೀಗೆ ಕಾಡಿನದೊಂದು, ನಾಡಿನದೊಂದು ಯೀಸ್ಟ್ ಎಲ್ಲೋ ಯೂರೋಪಿನ ತಣ್ಣನೆಯ ನೆಲಮಾಳಿಗೆಯಲ್ಲಿ ಕೂಡಿಕೊಂಡದ್ದರ ಫಲ ಈ ತಳಿ.

ನಮ್ಮ ಮನೆಯ ಫ್ರಿಜ್ಜಿಗೂ ಈ ಯೀಸ್ಟಿನ ಋಣವಿದೆ. ಮಂಜುಗಡ್ಡೆ ಕೊರೆದು ತರುವ ಕಷ್ಟ ತಪ್ಪಿಸಲು ಮ್ಯೂನಿಕ್ ನಗರದ ಸ್ಪಾಟನ್ ಬ್ರೂವರಿ 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರಿನ ಶೈತ್ಯಯಂತ್ರವನ್ನು ಪ್ರಯೋಗಕ್ಕೆ ತೆಗೆದುಕೊಂಡಿತು. ಹಾಲು, ಲಸಿಕೆ, ಮಾಂಸ, ತರಕಾರಿ ಎಲ್ಲವನ್ನೂ ಕಾಯುವ ಶೈತ್ಯೀಕರಣ ಉದ್ಯಮ ಬೆಳೆದದ್ದು ಬಹುಮಟ್ಟಿಗೆ ಲಾಗರಿನ ಹಣದಿಂದ.

ಒಂದೇ ಕೋಶದ ಸಂಸಾರ

1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಬಿಯರ್ ಕೆಡತೊಡಗಿತು. ಕಾರಣ ಗೊತ್ತಾಗಲಿಲ್ಲ. ಆ ಸಂಸ್ಥೆಯ ಯಜಮಾನ ಜೇಕಬ್‌ಸನ್ ಎಂಟು ವರ್ಷ ಮೊದಲೇ ಒಂದು ಪ್ರಯೋಗಾಲಯ ಸ್ಥಾಪಿಸಿದ್ದ. ಅಲ್ಲಿ ದುಡಿಯುತ್ತಿದ್ದ ಎಮಿಲ್ ಕ್ರಿಸ್ಟಿಯನ್ ಹಾನ್ಸೆನ್ ಬಡತನದಿಂದ ಬಂದವನು. ಗೋಡೆಗೆ ಬಣ್ಣ ಹೊಡೆದು, ಕಥೆ ಕಾದಂಬರಿ ಬರೆದು ಓದಿನ ಖರ್ಚು ಹೊಂದಿಸಿಕೊಂಡವನು. ಬಿಯರ್ ಕೆಡಿಸುವುದು ಬ್ಯಾಕ್ಟೀರಿಯ ಎಂದು ಲೂಯಿ ಪಾಸ್ಟರ್ ಹೇಳಿದ್ದ. ಹಾನ್ಸೆನ್ ಮತ್ತೊಂದು ಸಂಗತಿ ಕಂಡ. ಯೀಸ್ಟಿನಲ್ಲೇ ಒಳ್ಳೆಯದು ಕೆಟ್ಟದ್ದು ಇದೆ. ಹೆಪ್ಪಿನಲ್ಲಿ ಕಾಡು ಯೀಸ್ಟ್ ಬೆರೆತಿದೆ. ಆತ ಯೀಸ್ಟಿನ ನೀರನ್ನು ತೆಳುಮಾಡುತ್ತ ಹೋಗಿ, ಒಂದು ಹನಿಯಲ್ಲಿ ಒಂದೇ ಕೋಶ ಇರುವಂತೆ ಮಾಡಿ, ಸೂಕ್ಷ್ಮದರ್ಶಕದಲ್ಲಿ ಕಾದು ನೋಡಿ, ಆ ಒಂದು ಕೋಶದ ಸಂಸಾರವನ್ನು ಮಾತ್ರ ಬೆಳೆಸಿದ. ಅದೇ ವರ್ಷದ ನವೆಂಬರ್ 12ರಂದು ಆ ಶುದ್ಧ ಹೆಪ್ಪಿನಿಂದ ಕಾರ್ಖಾನೆಯಲ್ಲಿ ಹುದುಗು ಆರಂಭವಾಯಿತು. ಬಿಯರ್ ಕೆಡುವುದು ನಿಂತಿತು.

ಜೇಕಬ್‌ಸನ್ ಆ ತಳಿಯನ್ನು ಗುಟ್ಟಾಗಿಡಲಿಲ್ಲ. ಕೇಳಿದ ಬ್ರೂವರಿಗಳಿಗೆಲ್ಲ ಹಂಚಿದ. ಎದುರಾಳಿಗಳಿಗೂ ಕೊಟ್ಟ. ಇಂದಿನ ವ್ಯಾಪಾರಿಗಳು ಇದನ್ನು ಹುಚ್ಚು ಎಂದಾರು.

ಆ ಪ್ರಯೋಗಾಲಯದ ಬಳುವಳಿ ಬಿಯರಿಗಷ್ಟೇ ನಿಲ್ಲಲಿಲ್ಲ. ವಿದ್ಯಾರ್ಥಿಗಳು ಆಮ್ಲ ಪ್ರತ್ಯಾಮ್ಲ ಅಳೆಯಲು ಬಳಸುವ ಪಿಎಚ್ ಮಾನವನ್ನು 1909ರಲ್ಲಿ ರೂಪಿಸಿದ ಸೊರೆನ್‌ಸೆನ್ ಅಲ್ಲಿಯವನು. ಕಾಳಿನಲ್ಲಿ, ಹಾಲಿನಲ್ಲಿ ಪ್ರೋಟೀನ್ ಎಷ್ಟಿದೆಯೆಂದು ಸಾರಜನಕದ ಮೂಲಕ ಕಂಡುಹಿಡಿಯುವ ವಿಧಾನವನ್ನು 1883ರಲ್ಲಿ ಕೊಟ್ಟ ಯೆಲ್ಡಾಲ್ ಕೂಡ ಅಲ್ಲಿಯವನೇ. ಇಂದಿಗೂ ಡೇರಿ ಪ್ರಯೋಗಾಲಯಗಳಲ್ಲಿ ಅದೇ ವಿಧಾನ ಆಧಾರ.

ಯೀಸ್ಟ್ ಎಣಿಸುವುದೂ ಒಂದು ವಿದ್ಯೆ. ರಕ್ತಕಣ ಎಣಿಸಲು ಬಳಸುವ ಗೆರೆ ಕೊರೆದ ಗಾಜಿನ ಚೌಕದ ಮೇಲೆ ಒಂದು ಹನಿ ಇಟ್ಟು, ಕೆಲವು ಚೌಕಗಳಲ್ಲಿರುವುದನ್ನು ಎಣಿಸಿ, ಗುಣಿಸಿ ಲೆಕ್ಕ ಹಾಕುತ್ತಾರೆ. ಮೆಥಿಲೀನ್ ಬ್ಲೂ ಬಣ್ಣ ಸೇರಿಸಿದರೆ ಸತ್ತ ಕೋಶಗಳು ನೀಲಿಯಾಗುತ್ತವೆ, ಬದುಕಿದವು ಬಿಳಿಯಾಗಿಯೇ ಉಳಿಯುತ್ತವೆ. ಆದರೆ ನಾಲ್ಕು ಚೌಕ ಎಣಿಸಿ ಸಾವಿರಾರು ಕೋಟಿಯ ಮಾತಾಡುವುದು ಎಷ್ಟು ನಂಬಲರ್ಹ? ಡಬ್ಲಿನ್ ನಗರದ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ ಈ ಪ್ರಶ್ನೆ ಹಿಡಿದು 1907ರಲ್ಲಿ ಒಂದು ಪ್ರಬಂಧ ಬರೆದ. ಮರುವರ್ಷ, ಕಡಿಮೆ ಮಾದರಿಗಳಿಂದ ತೀರ್ಮಾನಕ್ಕೆ ಬರುವ ಇನ್ನೊಂದು ವಿಧಾನ ಕೊಟ್ಟ. ಕಂಪನಿ ಸ್ವಂತ ಹೆಸರು ಹಾಕಲು ಬಿಡದ ಕಾರಣ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಪದವಿ ತರಗತಿಯಲ್ಲಿ ಸಂಖ್ಯಾಶಾಸ್ತ್ರದ ‘ಸ್ಟೂಡೆಂಟ್ಸ್ ಟಿ’ ಪರೀಕ್ಷೆ ಕಂಡು ಹೆದರುವವರು ಅದರ ಹಿಂದೆ ಬಿಯರಿನ ಕಾರ್ಖಾನೆ ಇದೆಯೆಂದು ತಿಳಿದರೆ ಹೆದರಿಕೆ ಸ್ವಲ್ಪ ಕಡಿಮೆಯಾದೀತು.

ಹುದುಗಿನಿಂದ ಇನ್ಸುಲಿನ್‌ವರೆಗೆ

‘ಹೆಂಡದ ಓದು ನಮ್ಮ ಮಕ್ಕಳಿಗೇಕೆ?’ ಎಂದು ತಂದೆ ತಾಯಿಯರು ಕೇಳುವುದು ಸಹಜ. ಕೇಳಲು ಕಾರಣವೂ ಇದೆ. ಕುಡಿತಕ್ಕೆ ಹಾಳಾದ ಮನೆಗಳನ್ನು ನೋಡದ ಹಳ್ಳಿ ಇಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಆಸುಪಾಸು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಯೀಸ್ಟ್ ಆ ವಿಷವನ್ನು ತಯಾರಿಸಿದ್ದಲ್ಲ, ಮನುಷ್ಯರು ಬೆರೆಸಿದ್ದು. ಆದರೂ ಅಂಥ ನೆನಪಿರುವ ಜಿಲ್ಲೆಯಲ್ಲಿ ಅನುಮಾನವನ್ನು ತಪ್ಪೆನ್ನಲಾಗದು.

ಇದಕ್ಕೆ ಉತ್ತರವಾಗಿ ಬೆಂಗಳೂರಿನದೇ ಒಂದು ಉದಾಹರಣೆಯಿದೆ. ರಸೇಂದ್ರ ಮಜುಂದಾರ್ ಯುನೈಟೆಡ್ ಬ್ರೂವರೀಸಿನಲ್ಲಿ ಮುಖ್ಯ ಬ್ರೂಮಾಸ್ಟರ್ ಆಗಿದ್ದರು. ಮಗಳು ಕಿರಣ್‌ಗೆ ಡಾಕ್ಟರಾಗುವ ಆಸೆ, ಅದು ಕೈಗೂಡಲಿಲ್ಲ. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದ ಪದವಿ ಪಡೆದ ಆಕೆಗೆ, ಹುದುಗಿನ ವಿಜ್ಞಾನ ಓದು ಎಂದು ಹೇಳಿದವರು ತಂದೆಯೇ. ಆ ಕಾಲದಲ್ಲಿ ಹೆಣ್ಣುಮಗಳಿಗೆ ಅಪ್ಪ ಕೊಡುವ ಸಲಹೆ ಅದಾಗಿರಲಿಲ್ಲ ಎನ್ನುವುದನ್ನು ನೆನೆಯಬೇಕು. ಆಸ್ಟ್ರೇಲಿಯದ ಬ್ಯಾಲರಾಟಿನಲ್ಲಿ ಮಾಲ್ಟ್ ಮತ್ತು ಬ್ರೂಯಿಂಗ್ ಶಿಕ್ಷಣಕ್ಕೆ ಸೇರಿದ ತರಗತಿಯಲ್ಲಿ ಆಕೆ ಒಬ್ಬಳೇ ಹುಡುಗಿ. ಮೊದಲ ಸ್ಥಾನವೂ ಆಕೆಯದೇ. ಆದರೆ ದೇಶಕ್ಕೆ ಮರಳಿದಾಗ ಬ್ರೂಮಾಸ್ಟರ್ ಹುದ್ದೆ ಸಿಗಲಿಲ್ಲ. ಅದು ಗಂಡಸರ ಕೆಲಸ ಎಂಬ ಉತ್ತರ ಬಂತು.

1978ರಲ್ಲಿ ಆಕೆ ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ, ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಬಯೋಕಾನ್ ಆರಂಭಿಸಿದರು. ಮೊದಲ ಸರಕು ಪರಂಗಿಯಿಂದ ತೆಗೆದ ಪಪೇನ್ ಎಂಬ ಕಿಣ್ವ, ಮತ್ತು ಮೀನಿನ ಗಾಳಿಚೀಲದಿಂದ ತಯಾರಿಸಿದ, ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್. ಆ ಬ್ರೂವರಿ ವಿದ್ಯೆಯೇ ಮುಂದೆ ಔಷಧದ ಕಡೆ ತಿರುಗಿತು. 2004ರಲ್ಲಿ ಆ ಸಂಸ್ಥೆ ಪಿಕಿಯ ಎಂಬ ಇನ್ನೊಂದು ಜಾತಿಯ ಯೀಸ್ಟಿನಲ್ಲಿ ಬೆಳೆಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇನ್ಸುಲಿನ್ ತಯಾರಿಸುವ ಜೀನನ್ನು ಯೀಸ್ಟಿನೊಳಗೆ ಸೇರಿಸಿ, ಕೊಳವೆಯಿಂದ ಫ್ಲಾಸ್ಕಿಗೆ, ಫ್ಲಾಸ್ಕಿನಿಂದ ತೊಟ್ಟಿಗೆ ಹೆಜ್ಜೆಹೆಜ್ಜೆಯಾಗಿ ಹೆಪ್ಪು ಬೆಳೆಸುವುದು, ಗಾಳಿ ಊದುವುದು, ಬಿಸುಪು ಕಾಯುವುದು, ಬೇರೆ ಜೀವಿ ನುಸುಳದಂತೆ ನೋಡಿಕೊಳ್ಳುವುದು: ಮೇಲೆ ಹೇಳಿದ್ದೆಲ್ಲ ಅಲ್ಲಿಯೂ ಇದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ತಂದ ಹೆಪಟೈಟಿಸ್-ಬಿ ಲಸಿಕೆಯೂ ಯೀಸ್ಟಿನಲ್ಲಿ ಬೆಳೆದದ್ದೇ. ಮಕ್ಕಳಿಗೆ ಚುಚ್ಚಿಸುವ ಲಸಿಕೆಗೂ ಲಾಗರಿಗೂ ಇರುವ ನಂಟು ಇದು.

ಮನೆಯಲ್ಲಿ ಮಾಡಿ ನೋಡಲು

ಯೀಸ್ಟಿನ ಕೆಲಸ ಕಣ್ಣಾರೆ ಕಾಣಲು ಬಿಯರ್ ಬೇಕಿಲ್ಲ. ಹೊಸಕೋಟೆಯಾಗಲಿ ವಿಜಯಪುರವಾಗಲಿ, ಬೇಕರಿ ಸಾಮಾನಿನ ಅಂಗಡಿಯಲ್ಲಿ ಒಣ ಯೀಸ್ಟ್ ಸಿಗುತ್ತದೆ. ಒಂದೇ ಅಳತೆಯ ನಾಲ್ಕು ಬಾಟಲಿಗಳಿಗೆ ಒಂದೊಂದು ಲೋಟ ನೀರು, ಎರಡು ಚಮಚ ಬೆಲ್ಲ, ಒಂದು ಚಮಚ ಯೀಸ್ಟ್ ಹಾಕಿ. ಮೊದಲನೆಯದಕ್ಕೆ ಫ್ರಿಜ್ಜಿನ ನೀರು, ಎರಡನೆಯದಕ್ಕೆ ತಣ್ಣೀರು, ಮೂರನೆಯದಕ್ಕೆ ಉಗುರುಬೆಚ್ಚನೆಯ ನೀರು. ನಾಲ್ಕನೆಯದಕ್ಕೆ ಕೈ ಇಡಲಾಗದಷ್ಟು ಬಿಸಿ ನೀರು; ಅದನ್ನು ದೊಡ್ಡವರೇ ಸುರಿಯಲಿ. ಬಾಯಿಗೆ ಬಲೂನು ಸಿಕ್ಕಿಸಿ. ಹತ್ತು ನಿಮಿಷಕ್ಕೊಮ್ಮೆ ದಾರದಿಂದ ಬಲೂನಿನ ಸುತ್ತಳತೆ ತೆಗೆದು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತ ಹೋಗಿ. ನಾಲ್ಕನೆಯ ಬಲೂನು ಏಕೆ ಏಳಲಿಲ್ಲ ಎಂಬುದನ್ನು ಮಕ್ಕಳೇ ಹೇಳಲಿ.

ಒಂದು ಎಚ್ಚರಿಕೆ. ಬಲೂನಿನ ಬದಲು ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಲೇಬಾರದು. ಒಂದು ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು ಕಾಲು ಲೀಟರ್ ಅನಿಲ ಬರುತ್ತದೆ. ಗಾಜು ಸಿಡಿದರೆ ಕಣ್ಣಿಗೇ ಅಪಾಯ. ಗಂಟೆಯೆರಡು ಗಂಟೆ ನೋಡಿದ ಮೇಲೆ ಎಲ್ಲವನ್ನೂ ಚೆಲ್ಲಿಬಿಡಿ. ಗಿಡದ ಬುಡಕ್ಕೆ ಸುರಿದರೂ ಸರಿ.

ಆಸಕ್ತಿ ಇಲ್ಲಿಗೇ ನಿಲ್ಲದಿದ್ದರೆ ಮುಂದಿನ ದಾರಿಗಳಿವೆ. ಪದವಿಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ ಓದಬಹುದು. ಹೆಬ್ಬಾಳದ ಬಳಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಸೂಕ್ಷ್ಮಜೀವಿಶಾಸ್ತ್ರ ವಿಭಾಗವಿದೆ. ಮೈಸೂರಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆಹಾರ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಶಿಕ್ಷಣ ಕೊಡುತ್ತದೆ. ಕೆಲಸ ಸಿಗುವುದು ಬ್ರೂವರಿಗಳಲ್ಲಷ್ಟೇ ಅಲ್ಲ. ಡೇರಿ, ಬೇಕರಿ, ಔಷಧ, ಕಿಣ್ವ, ಲಸಿಕೆ, ಜೈವಿಕ ಗೊಬ್ಬರ, ಎಲ್ಲ ಕಡೆಯೂ ಹೆಪ್ಪು ಕಟ್ಟಬಲ್ಲವರು ಬೇಕು. ಶುದ್ಧ ತಳಿ ಬೇಕಾದ ಕಾಲೇಜುಗಳು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸಂಗ್ರಹದಿಂದಲೋ, ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹದಿಂದಲೋ ತರಿಸಿಕೊಳ್ಳುತ್ತವೆ. ಅಲ್ಲಿ ಒಣಗಿಸಿದ ಯೀಸ್ಟ್ ಪುಟ್ಟ ಗಾಜಿನ ಕೊಳವೆಗಳಲ್ಲಿ ವರ್ಷಗಟ್ಟಲೆ ನಿದ್ದೆಮಾಡುತ್ತಿರುತ್ತದೆ. ಕೊಳವೆ ಒಡೆದು, ಹಿತವಾದ ಬಿಸುಪಿನ ಸಿಹಿನೀರಿಗೆ ಹಾಕಿದರೆ ಒಂದೆರಡು ದಿನದಲ್ಲಿ ಎದ್ದು ಮೊಗ್ಗೊಡೆಯಲು ತೊಡಗುತ್ತದೆ.